ಹತ್ತು ವರ್ಷ ಗಲ್ಲಾಪೆಟ್ಟಿಗೆ ಪಕ್ಕದಲ್ಲಿದ್ದ ‘ದಿ ಸ್ವೋರ್ಡ್ಸ್ ಆಫ್ ಲ್ಯಾಂಕ್‌ಮಾರ್’

ನನ್ನದು ದಿನಸಿ ಅಂಗಡಿ. ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಈ ಪುಸ್ತಕ ಹಿಡಿಸಿದ್ದಕ್ಕೆ ಅರ್ಧ ಕಾರಣ ಅದೇ. ಹತ್ತು ವರ್ಷದ ಹಿಂದೆ ಸರಕು ತರಲು ಬೆಂಗಳೂರಿಗೆ ಹೋದಾಗ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ 50 ರೂಪಾಯಿಗೆ ಸಿಕ್ಕಿತು. ಇಂಗ್ಲಿಷ್ ಕಾದಂಬರಿ, ಕತ್ತಿವರಸೆ ಮಾಯಮಂತ್ರದ ಕತೆ. ಲೇಖಕ ಅಮೆರಿಕದ ಫ್ರಿಟ್ಜ್ ಲೈಬರ್. ಮುಖಪುಟ ಅರ್ಧ ಹರಿದಿತ್ತು. ಸುಮ್ನೆ ಒಂದು ಪುಟ ತೆಗೆದೆ, ಇಲಿಗಳು ಕಾಳಿನ ಹಡಗಿಗೆ ಬಾಯಿ ಹಾಕಿದ್ದವು. ಚೌಕಾಸಿ ಕೂಡ ಮಾಡಲಿಲ್ಲ.

ಅಂದಿನಿಂದ ಅದು ಗಲ್ಲಾದ ಪಕ್ಕದಲ್ಲೇ ಇದೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಗಿರಾಕಿ ಕಡಿಮೆ. ಫ್ಯಾನ್ ಗಾಳಿಗೆ ಪುಟ ಹಾರದಂತೆ ಹಳೇ ತಕ್ಕಡಿಯ 200 ಗ್ರಾಂ ಕಲ್ಲು ಇಡುತ್ತೇನೆ. ಎಲೆಕ್ಟ್ರಾನಿಕ್ ತಕ್ಕಡಿ ಬಂದ ಮೇಲೆ ಆ ಕಲ್ಲಿಗೆ ಉಳಿದಿರೋದು ಇದೊಂದೇ ಕೆಲಸ. ಬೈಂಡಿಂಗ್ ಬಿಟ್ಟುಹೋಗಿ ಈಗ ರಬ್ಬರ್ ಬ್ಯಾಂಡ್ ಮೇಲೆ ನಿಂತಿದೆ. ಪುಟಕ್ಕೆಲ್ಲಾ ಬೆಲ್ಲದ ವಾಸನೆ. ಅಕ್ಷರ ತುಂಬಾ ಸಣ್ಣದು. ಇಷ್ಟರಲ್ಲಿ ನನ್ನ ಕನ್ನಡಕದ ನಂಬರ್ ಎರಡು ಸಲ ಬದಲಾಗಿದೆ.

ಲ್ಯಾಂಕ್‌ಮಾರ್ ಪಟ್ಟಣದ ದೊರೆ ಗೆಳೆಯ ರಾಜನಿಗೆ ಹಡಗುಗಟ್ಟಲೆ ಕಾಳು ಕಳಿಸುತ್ತಾನೆ. ಮೊದಲು ಹೋದ ಹಡಗುಗಳ ಪತ್ತೆಯೇ ಇಲ್ಲ. ಹಾಗಾಗಿ ಈ ಸಲ ಕಾವಲಿಗೆ ಇಬ್ಬರು: ಉತ್ತರದ ಹಿಮದ ನಾಡಿನ ಆಜಾನುಬಾಹು ಫಾಫರ್ಡ್, ಕುಳ್ಳ ಕಳ್ಳ ಗ್ರೇ ಮೌಸರ್. ಮೌಸರ್ ಅಂದ್ರೆ ಇಲಿ ಹಿಡಿಯೋ ಬೆಕ್ಕು. ಅವನ ಕಠಾರಿಯ ಹೆಸರೂ ‘ಬೆಕ್ಕಿನ ಉಗುರು’. ಅದೇ ಹಡಗಿಗೆ ಕಾಳಿನ ವ್ಯಾಪಾರಿಯ ಮಗಳು ಹಿಸ್ವೆಟ್ ಹತ್ತುತ್ತಾಳೆ, ಜೊತೆಗೆ 12 ಬಿಳಿ ಇಲಿಗಳು. ಪಳಗಿಸಿದ ಇಲಿಗಳಂತೆ. ಕಾಳಿನ ಪಕ್ಕ ಪಳಗಿದ ಇಲಿ! ನನಗೆ ಅಲ್ಲೇ ಮೈ ಜುಂ ಅಂದಿತು.

ಇಲಿ ಚೀಲವನ್ನು ಎಲ್ಲೆಂದರಲ್ಲಿ ಕಡಿಯೋದಿಲ್ಲ. ಗೋಡೆಗೆ ತಾಗಿದ ಕೆಳಮೂಲೆಯೇ ಆಗಬೇಕು. ಎದುರಿನಿಂದ ನೋಡಿದರೆ ಚೀಲ ಗಟ್ಟಿಮುಟ್ಟು. ಎತ್ತಿದಾಗಲೇ ಅಕ್ಕಿ ಸುರಿಯೋದು. ಆಮೇಲೆ ದಬ್ಬಳ, ಸುತಳಿ ಹುಡುಕಿ ಹೊಲಿಯುತ್ತಾ ಕೂರಬೇಕು. ಒಂದು ಇಲಿ ಬೋನಿಗೆ ಬಿತ್ತೋ, ಉಳಿದವು ಆ ಕಡೆ ತಲೆ ಹಾಕೋದಿಲ್ಲ. ‘ಬೋನಿನ ಸುದ್ದಿ ಜೋರಾಗಿ ಆಡಬೇಡ್ವೋ, ಕೇಳಿಸ್ಕೊಳ್ತವೆ’ ಅಂತ ನಮ್ಮಪ್ಪ ಪಿಸುಗುಡುತ್ತಿದ್ದರು. ಲೈಬರ್ ಇಲಿಗಳು ನಿಜವಾಗಿಯೂ ಕೇಳಿಸ್ಕೊಳ್ಳುತ್ತವೆ. ಪಟ್ಟಣದ ಅಡಿಯಲ್ಲೇ ಅವುಗಳ ಇನ್ನೊಂದು ಪಟ್ಟಣ, 13 ಜನರ ಪಂಚಾಯಿತಿ, ಬಟ್ಟೆಬರೆ, ಸಣ್ಣ ಸಣ್ಣ ಕತ್ತಿ. ಮೌಸರ್ ಮಂತ್ರವಾದಿ ಕೊಟ್ಟ ಮದ್ದು ಕುಡಿದು ಇಲಿಯಷ್ಟಾಗಿ ಅಲ್ಲಿಗೆ ಇಳಿಯುತ್ತಾನೆ. ಕುಗ್ಗಿದಾಗ ಉಳಿದ ಮೈ ಎಲ್ಲಿಗೆ ಹೋಯಿತು? ಅವನ ಕಾಲ ಸುತ್ತ ಗುಲಾಬಿ ಬಣ್ಣದ ಮಡುವಾಗಿ ನಿಲ್ಲುತ್ತದೆ. ಮಾಯಮಂತ್ರದಲ್ಲೂ ತೂಕದ ಲೆಕ್ಕ ತಪ್ಪಿಸಿಲ್ಲ! ಈ ಭಾಗವನ್ನು ಎಷ್ಟು ಸಲ ಓದಿದೆನೋ.

ಆದರೆ ಓದುತ್ತಾ ಓದುತ್ತಾ ಹೊಲಿಗೆ ಕಾಣಿಸತೊಡಗಿತು. ಹಡಗಿನ ಭಾಗ 1961ರಲ್ಲಿ ಬೇರೆಯೇ ಕತೆಯಾಗಿ ಬಂದಿತ್ತು. ಅದನ್ನೇ ಬೆಳೆಸಿ 1968ರಲ್ಲಿ ಕಾದಂಬರಿ ಮಾಡಿದ್ದಾರೆ. ಹಡಗಿಂದ ಇಳಿದ ಮೇಲೆ ಫಾಫರ್ಡ್ ದೂರದಲ್ಲೆಲ್ಲೋ ಉಳಿದು, ವಾಪಸ್ ಬರೋದೇ ಒಂದು ದೊಡ್ಡ ಪ್ರಯಾಣ. ದಾರಿಯಲ್ಲಿ ಸಿಗುವ ಹೆಣ್ಣಿಗೆ ಮಾಂಸವೆಲ್ಲಾ ಗಾಜಿನಂತೆ, ಎಲುಬು ಮಾತ್ರ ಕಾಣೋದು. ಮೊದಲ ಸಲ ಬೆರಗಾಯಿತು. ಈಗ ಆ ಪುಟಗಳನ್ನು ಸರಸರ ಮಗುಚುತ್ತೇನೆ. ನಡುವೆ ಎರಡು ತಲೆಯ ಸಮುದ್ರ ಹಾವಿನ ಮೇಲೆ ಬೇರೆ ಕಾಲದಿಂದ ಒಬ್ಬ ಜರ್ಮನ್ ಬರುತ್ತಾನೆ. ಕೆಲವರಿಗೆ ಅದು ಕಿರಿಕಿರಿ ಅನ್ನಿಸಬಹುದು. ನನಗೆ ಇವತ್ತಿಗೂ ನಗು.

ನನ್ನ ನಿಜವಾದ ತಕರಾರು ಬೇರೆ. ಅರಮನೆಯ ಕೆಲಸದ ಹುಡುಗಿಯರ ಕೂದಲು ಬೋಳಿಸಿರುತ್ತಾರೆ, ಚಾವಟಿಯಲ್ಲಿ ಹೊಡೆಯುತ್ತಾರೆ. ದೊರೆಗೆ ಅದು ಮೋಜು. ದೊರೆ ಕೆಟ್ಟವನು, ಸರಿ. ಆದರೆ ಬರೆದವರಿಗೂ ಅಲ್ಲಿಂದ ಕಣ್ಣು ಕೀಳೋಕೆ ಆಗಿಲ್ಲ ಅನ್ನಿಸುತ್ತದೆ. ಹಡಗಲ್ಲಿ ಅಷ್ಟು ಚುರುಕಾಗಿದ್ದ ಹಿಸ್ವೆಟ್ ಕೂಡ ಹೋಗ್ತಾ ಹೋಗ್ತಾ ಗಂಡಸರನ್ನು ಕೆಣಕೋದಕ್ಕಷ್ಟೇ ಉಳಿಯುತ್ತಾಳೆ. ಇದೆಲ್ಲಾ ನನಗೆ ಮೊದಲು ಕಂಡಿರಲಿಲ್ಲ. ಕಳೆದ ದಸರಾ ರಜೆಯಲ್ಲಿ ಅಂಗಡಿಗೆ ಬಂದ ಮಗಳು ‘ಅಪ್ಪಾ, ಇಷ್ಟು ವರ್ಷ ಓದ್ತೀಯಲ್ಲ, ನಂಗೂ ಕೊಡು’ ಅಂದಳು. ಪಿಯುಸಿ ಹುಡುಗಿ. ಕೊಡೋಕೆ ಕೈ ಬರಲಿಲ್ಲ. ‘ಪುಟ ಉದುರ್ತಾವೆ ಮಗಾ’ ಅಂತ ಸುಳ್ಳು ಹೇಳಿದೆ. ಅವಳು ನಾನು ಊಟಕ್ಕೆ ಹೋದಾಗ ಓದಿದ್ದಾಳೆ. ‘ಇಲಿಗಳು ಚೆನ್ನಾಗಿವೆ, ಅವನಿಗೆ ಹುಡುಗೀರ ಬಗ್ಗೆ ಬರೆಯೋಕೆ ಬರಲ್ಲ’ ಅಂತ ಹೇಳಿ ಬೇಳೆ ಪೊಟ್ಟಣ ಕಟ್ಟೋಕೆ ಕೂತಳು.

‘ಸ್ವೋರ್ಡ್ ಆಂಡ್ ಸಾರ್ಸರಿ’, ಅಂದ್ರೆ ಕತ್ತಿ ಮತ್ತು ಮಾಟಮಂತ್ರ, ಅಂತ ಈ ಜಾತಿಯ ಕತೆಗಳಿಗೆ ಹೆಸರಿಟ್ಟವರೇ ಲೈಬರ್, ಅದೂ 1961ರಲ್ಲೇ. ಫಾಫರ್ಡ್-ಮೌಸರ್ ಜೋಡಿಯ ಮೊದಲ ಕತೆ ಬಂದಿದ್ದು 1939ರಲ್ಲಿ. ಸರಣಿಯ ಏಳು ಪುಸ್ತಕಗಳಲ್ಲಿ ಪೂರ್ತಿ ಕಾದಂಬರಿ ಇದೊಂದೇ, ಉಳಿದವು ಬಿಡಿ ಕತೆಗಳು. ಹಳೇದು ಅಗ್ಗಕ್ಕೆ ಸಿಕ್ಕರೆ ತಗೊಳ್ಳಿ. ಐನೂರು ಆರುನೂರು ಕೊಟ್ಟು ಹೊಸದು ತರೋದಾದರೆ, ಮೊದಲು ಇವರಿಬ್ಬರೂ ಜೊತೆಯಾಗುವ ‘ಇಲ್ ಮೆಟ್ ಇನ್ ಲ್ಯಾಂಕ್‌ಮಾರ್’ ಓದಿ. ವೈಜ್ಞಾನಿಕ, ಮಾಯಾಲೋಕದ ಕತೆಗಳಿಗೆ ಕೊಡೋ ದೊಡ್ಡ ಪ್ರಶಸ್ತಿಗಳಾದ ಹ್ಯೂಗೋ, ನೆಬ್ಯುಲಾ ಎರಡೂ ಬಂದ ಕತೆ. ಅದರಲ್ಲೂ ಇಲಿಗಳಿವೆ, ಆದರೆ ನಗು ಬರೋದಿಲ್ಲ. ಅದನ್ನು ನಾನು ಅಂಗಡಿಯಲ್ಲಿ ಓದೋದಿಲ್ಲ.