ಡಬ್ಬಿ ಚೆಂದ, ಆದರೆ ಬೇಗ ಬಿಚ್ಚಿ

ತುಮಕೂರಿನ ಎಸ್‌.ಎಸ್‌.ಪುರಂ ಕಡೆ ಮನೆಯಲ್ಲೇ ಕುಕೀಸ್ ಮಾಡಿಕೊಡುವವರೊಬ್ಬರು ಇದ್ದಾರೆ. ಹೆಸರು ಹಾಕುವುದಿಲ್ಲ, ಸ್ವಲ್ಪ ಬೈಯುವುದೂ ಇದೆ. ಮಗಳ ಹುಟ್ಟುಹಬ್ಬಕ್ಕೆ ಬರುವ ಮಕ್ಕಳಿಗೆ ಪೆನ್ಸಿಲ್ ಬಾಕ್ಸು, ನೀರಿನ ಬಾಟಲಿ ಅಂತ ಕೊಟ್ಟು ಕೊಟ್ಟು ಸಾಕಾಗಿತ್ತು. ಈ ಸಲ 20 ಡಬ್ಬಿ ಕುಕೀಸ್ ಹೇಳಿದೆ. 200 ಗ್ರಾಂ ಡಬ್ಬಿಗೆ 160 ರೂಪಾಯಿ.

ಡಬ್ಬಿ ಬಗ್ಗೆ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಬಿದ್ದಿದ್ದೇ ಅದಕ್ಕೆ. ಕಂದು ಬಣ್ಣದ ಕ್ರಾಫ್ಟ್ ಪೇಪರ್ ಡಬ್ಬಿ, ಮುಚ್ಚಳದಲ್ಲಿ ಅಂಗೈ ಅಗಲದ ಕಿಟಕಿ, ಒಳಗೆ ಅಂಚು ಅಂಕುಡೊಂಕಾಗಿ ಕತ್ತರಿಸಿದ ಬಟರ್ ಪೇಪರ್, ಮೇಲೆ ಸೆಣಬಿನ ದಾರ, ಆ ದಾರದ ಗಂಟಿಗೆ ಒಂದು ಒಣಗಿಸಿದ ಬಟನ್ ರೋಸ್. ಒಂದೊಂದು ಚೀಟಿಯಲ್ಲೂ ಮಗುವಿನ ಹೆಸರು, ಕನ್ನಡದಲ್ಲಿ, ಕೈಬರಹದಲ್ಲಿ. ‘ಹೃತಿಕ್’ ಅಂತ ಬರೆಯುವಾಗ ವಟ್ರಸುಳಿ ಕೂಡ ಸರಿಯಾಗಿ ಹಾಕಿದ್ದಾರೆ, ಸ್ಕೂಲಿನವರೇ ಅದನ್ನು ‘ಹ್ರಿತಿಕ್’ ಮಾಡಿಟ್ಟಿದ್ದಾರೆ. ಕುಕೀಸ್‌ಗಳನ್ನು ಮಲಗಿಸದೆ ಸಾಲಾಗಿ ನಿಲ್ಲಿಸಿ ಒತ್ತಾಗಿ ಇಟ್ಟಿದ್ದರು. ಹಾಗಾಗಿ ಬಿ.ಎಚ್‌. ರಸ್ತೆ ಹಿಡಿದು ಕ್ಯಾತ್ಸಂದ್ರದ ನಮ್ಮ ಮನೆ ತನಕ ಸ್ಕೂಟರಿನಲ್ಲಿ ಬಂದರೂ ಒಂದೂ ಮುರಿದಿರಲಿಲ್ಲ.

ರುಚಿಗೆ ಬಂದರೆ ಕೊಬ್ಬರಿಯದ್ದೇ ರಾಜ. ತಿಪಟೂರು ಕೊಬ್ಬರಿಯನ್ನು ಪಕ್ಕದಲ್ಲಿ ಇಟ್ಟುಕೊಂಡು ಪ್ಯಾಕೆಟ್ಟಿನ ಒಣ ಪುಡಿ ಹಾಕುವವರನ್ನು ಕಂಡರೆ ನನಗಾಗುವುದಿಲ್ಲ, ಬಾಯಲ್ಲಿ ಮರದ ಹೊಟ್ಟು ಹಾಕಿಕೊಂಡ ಹಾಗಿರುತ್ತದೆ. ಇವರು ಗಿಟುಕನ್ನೇ ತುರಿದು ಹಾಕುತ್ತಾರೆ. ಕಡಿದಾಗ ಮೊದಲು ಕರುಂ ಅನ್ನುತ್ತದೆ, ಆಮೇಲೆ ಆ ಎಣ್ಣೆಯ ಘಮ ನಿಧಾನಕ್ಕೆ ಬರುತ್ತದೆ. ಬೆಣ್ಣೆಯದ್ದು ಪರವಾಗಿಲ್ಲ, ಅಷ್ಟೇ. ಅದಕ್ಕೆ ಯಾವುದಾದರೂ ಅಯ್ಯಂಗಾರ್ ಬೇಕರಿಯ ಬೆಣ್ಣೆ ಬಿಸ್ಕತ್ತು ಸಾಕು.

ಎಡವಟ್ಟಾಗಿದ್ದು ರಾಗಿ-ಬೆಲ್ಲದ್ದರಲ್ಲಿ. ರುಚಿಯಲ್ಲಿ ತಪ್ಪಿಲ್ಲ. ರಾಗಿಗೆ ಅಂಟು ಇರುವುದಿಲ್ಲವಲ್ಲ, ಬರೀ ರಾಗಿಯಲ್ಲಿ ಮಾಡಿದರೆ ಪುಡಿಪುಡಿ ಆಗುತ್ತದೆ, ಅದಕ್ಕೆ ಅರ್ಧ ಗೋಧಿ ಹಿಟ್ಟು ಸೇರಿಸಿ, ರಾಗಿಯನ್ನು ಘಂ ಅನ್ನುವ ಹಾಗೆ ಹುರಿದು ಹಾಕಿದ್ದಾರೆ. ಆದರೆ ಶುಕ್ರವಾರ ಸಂಜೆ ಡಬ್ಬಿಗಳು ಬಂದಾಗ ಎಂಟು ಡಬ್ಬಿಯ ತಳ ಇನ್ನೂ ಬೆಚ್ಚಗಿತ್ತು. ಕಿಟಕಿಯ ಒಳಗಡೆ ಮಂಜು ಹಿಡಿದಿತ್ತು. ಆಗಲೇ ಅನುಮಾನ ಬಂತು, ಸುಮ್ನೆ ಬಿಟ್ಟೆ. ಶನಿವಾರ ರಾತ್ರಿ ಒಂದನ್ನು ತೆಗೆದು ಮುರಿಯೋಣ ಅಂದರೆ ಮುರಿಯಲೇ ಇಲ್ಲ, ಬಾಗಿತು!

ಬಿಸಿ ಕುಕೀಸ್ ಮುಚ್ಚಿಟ್ಟರೆ ಹಬೆ ಅಲ್ಲೇ ನಿಂತು ನೀರಾಗುತ್ತದೆ, ಬೆಲ್ಲ ಬೇರೆ ತೇವ ಎಳೆದುಕೊಳ್ಳುತ್ತದೆ. ಫೋನ್ ಮಾಡಿದರೆ ಮೊದಲು ‘ಮಳೆಗಾಲ ಅಲ್ವಾ’ ಅಂದರು. ಆಮೇಲೆ ಅವರೇ ಒಪ್ಪಿಕೊಂಡರು, ಕೊನೆಯ ಟ್ರೇ ತಣ್ಣಗಾಗುವ ತನಕ ಕಾಯಲಿಲ್ಲವಂತೆ. ದುಡ್ಡು ವಾಪಸ್ ಮಾತು ಬರಲಿಲ್ಲ, ನಾನೂ ಕೇಳಲಿಲ್ಲ. ಓವನ್ನಿನಲ್ಲಿ 150 ಡಿಗ್ರಿಗೆ ಐದಾರು ನಿಮಿಷ ಇಟ್ಟು, ಹೊರಗೆ ಪೂರ್ತಿ ಆರಲು ಬಿಡಿ ಅಂದರು. ಹಾಗೇ ಮಾಡಿದೆ, ಮತ್ತೆ ಗರಿಗರಿ ಆದವು. ಆದರೆ ಬಿಚ್ಚಿದ ಎಂಟು ಡಬ್ಬಿಗೆ ರಾತ್ರಿ ಹನ್ನೊಂದು ಗಂಟೆಯಲ್ಲಿ ದಾರ ಕಟ್ಟುವವರು ಯಾರು? ನಮ್ಮ ಯಜಮಾನರು ಕಟ್ಟಿದರು, ಹುಲ್ಲಿನ ಹೊರೆ ಬಿಗಿದ ಹಾಗೆ. ಪಾಪ ಎರಡು ಗುಲಾಬಿ ಅಲ್ಲೇ ಉದುರಿಹೋದವು.

ಚೀಟಿಯ ಹಿಂದೆ ಹಸಿರು ಚುಕ್ಕೆ, 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರು, ಮಾಡಿದ ದಿನ ಎಲ್ಲಾ ಇದೆ, ಅದು ಮೆಚ್ಚಬೇಕಾದ್ದೇ. 30 ದಿನದೊಳಗೆ ತಿನ್ನಿ ಅಂತಲೂ ಇದೆ. ಗಾಳಿಯಾಡದ ಡಬ್ಬದಲ್ಲಿ ಇಟ್ಟರೆ ಇರಬಹುದೇನೋ, ಈ ಕಾಗದದ ಡಬ್ಬಿಯಲ್ಲಂತೂ ನಾಲ್ಕು ದಿನ ದಾಟಿದರೆ ಜಾಸ್ತಿ. 160ರಲ್ಲಿ ಡಬ್ಬಿ, ದಾರ, ಹೂವಿಗೇ 35 ಹೋಗುತ್ತದೆ ಅಂತ ಅವರೇ ಹೇಳಿದರು. ಯಾರಿಗಾದರೂ ಕೊಡುವುದಾದರೆ ಆ 35 ದಂಡ ಅಲ್ಲ. ಮಕ್ಕಳು ತಮ್ಮ ಹೆಸರು ಓದಿಕೊಂಡು ಕುಣಿದಿದ್ದು ನೋಡಿದ್ದೇನೆ. ನಮ್ಮಮ್ಮ ಒಂದು ಖಾಲಿ ಡಬ್ಬಿಯನ್ನು ಹೂಬತ್ತಿ ಹಾಕಿಡೋಕೆ ದೇವರ ಮನೆಗೆ ಸೇರಿಸಿಬಿಟ್ಟಿದ್ದಾರೆ. ಮನೆಯಲ್ಲಿ ಕಾಫಿ ಜೊತೆ ತಿನ್ನೋಕೆ ಆದರೆ ಡಬ್ಬಿ ಬೇಡ ಅನ್ನಿ. ಹೇಳುವಾಗಲೇ ‘ಪೂರ್ತಿ ಆರಿದ ಮೇಲೆ ತುಂಬಿ’ ಅಂತ ಬಾಯಿಬಿಟ್ಟು ಹೇಳಿ. ಬೇಕಾದ ದಿನಕ್ಕಿಂತ ಒಂದೇ ದಿನ ಮುಂಚೆ ತರಿಸಿಕೊಳ್ಳಿ.

ಹೋದ ವಾರ ಅರ್ಧ ಕೆಜಿ ಕೊಬ್ಬರಿಯದ್ದು ಹೇಳಿ, ನಮ್ಮ ಸ್ಟೀಲ್ ಡಬ್ಬವನ್ನೇ ತೆಗೆದುಕೊಂಡು ಹೋದೆ. ತುಂಬಿಸಿ ಕೊಟ್ಟರು, ದುಡ್ಡೂ ಕಡಿಮೆ ತಗೊಂಡರು. ಗಾಡಿ ಹತ್ತುವಷ್ಟರಲ್ಲಿ ‘ಒಂದ್ನಿಮಿಷ’ ಅಂತ ಒಳಗೆ ಓಡಿದರು. ವಾಪಸ್ ಬಂದು ಆ ಸ್ಟೀಲ್ ಡಬ್ಬಕ್ಕೂ ಸೆಣಬಿನ ದಾರ ಸುತ್ತಿ, ಗುಲಾಬಿ ಸಿಕ್ಕಿಸಿದರು.