ಹಳೇ ಇಂಟರ್‌ಕಾಮ್ ಡಬ್ಬವೋ, ಐಪಿ ಫೋನೋ? ಲಾಡ್ಜಿನಲ್ಲಿ ಎರಡನ್ನೂ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಹಳೇ ಡಬ್ಬಕ್ಕೇ. ಕಾರವಾರದಲ್ಲಿ ನಮ್ಮದು 22 ರೂಮಿನ ಲಾಡ್ಜ್. ಅಪ್ಪ ಹಾಕಿಸಿದ 24 ಲೈನಿನ ಇಪಿಎಬಿಎಕ್ಸ್, ಅಂದರೆ ರೂಮುಗಳ ಫೋನನ್ನು ಒಂದಕ್ಕೊಂದು ಜೋಡಿಸುವ ಡಬ್ಬ, ಇವತ್ತಿಗೂ ಕೌಂಟರಿನ ಹಿಂದಿನ ಗೋಡೆಯಲ್ಲೇ ಇದೆ. ನಡುವೆ ಅದರ ಮೇಲೆ ಬೇಜಾರಾಗಿ ಮೂರನೇ ಮಹಡಿಯ ಆರು ರೂಮಿಗೆ ಐಪಿ ಫೋನ್, ಅಂದರೆ ಕಂಪ್ಯೂಟರ್ ನೆಟ್‌ವರ್ಕಿನ ಕೇಬಲ್ಲಿನಲ್ಲಿ ನಡೆಯುವ ಫೋನ್, ಹಾಕಿಸಿದೆ. ಬರೀ ಫೋನಿಗೇ 18,000 ರೂಪಾಯಿ, ಕೇಬಲ್ಲು, ನೆಟ್‌ವರ್ಕ್ ಸ್ವಿಚ್ಚು ಬೇರೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಆ ಆರೂ ರೂಮು ಹಳೇ ಲೈನಿಗೆ ವಾಪಸ್ ಬಂದವು.

ಬೇಜಾರು ಯಾಕೆ ಬಂತು ಅಂದರೆ, ಜುಲೈ ತಿಂಗಳ ಒಂದು ರಾತ್ರಿ ಕರೆಂಟ್ ತುಂಬಾ ಹೊತ್ತು ಹೋಗಿತ್ತು. ಇನ್ವರ್ಟರ್ ಕೂಡ ಇಳಿದುಹೋಯಿತು. ಕರೆಂಟ್ ಬಂದ ಮೇಲೆ ಫೋನ್ ಎತ್ತಿದರೆ ಟೋನ್ ಇತ್ತು, ಎಲ್ಲ ಸರಿ ಇದೆ ಅಂದುಕೊಂಡು ಮಲಗಿದೆ. 108ನೇ ರೂಮಿನವರು ರೈಲಿಗೆ ಹೋಗಬೇಕು, ನಾಲ್ಕೂವರೆಗೆ ಎಬ್ಬಿಸಿ ಅಂದಿದ್ದರು. ನಮ್ಮ ಹುಡುಗ ಸರಿಯಾದ ಹೊತ್ತಿಗೆ 108 ಒತ್ತಿದ. ರಿಂಗ್ ಆದದ್ದು 106ರಲ್ಲಿ. ಆಗಷ್ಟೇ ನಿದ್ದೆ ಹೋಗಿದ್ದ ಮಗುವನ್ನು ಹೆಗಲಿಗೆ ಹಾಕಿಕೊಂಡು ಆ ತಾಯಿ ಕೌಂಟರಿಗೇ ಇಳಿದು ಬಂದರು. 'ಅಣ್ಣಾ, ನಾನು ಒತ್ತಿದ್ದು 108ನ್ನೇ, ಸರಿಯಾಗಿ ನೋಡಿಯೇ ಒತ್ತಿದ್ದೇನೆ' ಅಂತ ಹುಡುಗ ಅಳುವ ಹಾಗಾಗಿದ್ದ. ಅವನ ತಪ್ಪೇನೂ ಇರಲಿಲ್ಲ.

ಡಬ್ಬದ ಪ್ರೋಗ್ರಾಮ್ ಪೂರ್ತಿ ಅಳಿಸಿಹೋಗಿತ್ತು. ಒಳಗೆ ಬೋರ್ಡಿಗೆ ಬೆಸುಗೆ ಹಾಕಿದ 3.6 ವೋಲ್ಟಿನ ನಿಕಲ್ ಕ್ಯಾಡ್ಮಿಯಂ ಸೆಲ್ ಒಂದಿರುತ್ತದೆ. ಕರೆಂಟ್ ಇಲ್ಲದಾಗ ಮೆಮೊರಿ ಕಾಯುವುದು ಅದೇ. ಅದು ಸತ್ತಿದ್ದರೂ ಕರೆಂಟ್ ಇರುವಷ್ಟು ದಿನ ಯಾರಿಗೂ ಗೊತ್ತಾಗುವುದಿಲ್ಲ. ಒಮ್ಮೆ ಪೂರ್ತಿ ಆಫ್ ಆದರೆ ಎಲ್ಲವೂ ಕಂಪನಿ ಹಾಕಿಕೊಟ್ಟ ನಂಬರಿಗೆ ವಾಪಸ್. ಅಂದರೆ ನಮ್ಮದರಲ್ಲಿ ಒಂದನೇ ಪೋರ್ಟಿಗೆ (ಡಬ್ಬದಲ್ಲಿ ಒಂದೊಂದು ಫೋನಿನ ತಂತಿ ಸೇರುವ ಜಾಗ) 101, ಎರಡನೆಯದಕ್ಕೆ 102, ಹೀಗೆ 124ರ ತನಕ. ನಮ್ಮಲ್ಲಿ ಮೊದಲ ಪೋರ್ಟ್ ಕೌಂಟರ್, ಎರಡನೆಯದು ಅಡುಗೆಮನೆ, ಮೂರನೆಯದರಿಂದ ರೂಮು ಶುರು. ಹಾಗಾಗಿ ಕೆಳ ಮಹಡಿಯ ಎಲ್ಲ ನಂಬರೂ ಎರಡೆರಡು ರೂಮು ಹಿಂದೆ ಸರಿದಿದ್ದವು.

ಸರಿ ಮಾಡಲು ಕೂತರೆ ಇನ್ನೊಂದು ತಲೆನೋವು. ಮೊದಲ ಪೋರ್ಟಿನ ಫೋನಿನಿಂದಲೇ ಪ್ರೋಗ್ರಾಮಿಂಗ್. ಪಾಸ್‌ವರ್ಡ್, ಆಮೇಲೆ ಕೋಡ್, ಪೋರ್ಟ್, ಹೊಸ ನಂಬರ್. ಸರಿಯಾದರೆ ಒಂದು ಉದ್ದ ಬೀಪ್, ತಪ್ಪಾದರೆ ಚಿಕ್ಕ ಚಿಕ್ಕ ಬೀಪ್. ದೂರು ಬಂದದ್ದು 108ರದ್ದಲ್ವಾ ಅಂತ ನಾನು ಹತ್ತನೇ ಪೋರ್ಟಿಗೆ 108 ಕೊಟ್ಟೆ. ಚಿಕ್ಕ ಬೀಪ್. ಮತ್ತೆ ಕೊಟ್ಟೆ, ಮತ್ತೆ ಅದೇ. ಬೆಳಗಾಗುವ ತನಕ ಅದೇ ಕೆಲಸ. ಕೊನೆಗೆ ಹಳೇ ರಿಜಿಸ್ಟರಿನ ಹಿಂದಿನ ಪುಟದಲ್ಲಿ ಅಪ್ಪನ ಅಕ್ಷರ ಸಿಕ್ಕಿತು. ಪೋರ್ಟ್, ರೂಮು ಅಂತ ಎರಡು ಸಾಲು ಎಳೆದು, ಪಕ್ಕದಲ್ಲಿ 'ಒಂದರಿಂದಲೇ ಶುರು ಮಾಡು' ಅಂತ ಬರೆದಿಟ್ಟಿದ್ದರು. ಆಗ ಅರ್ಥವಾಯಿತು. 108 ಆಗಲೇ ಎಂಟನೇ ಪೋರ್ಟಿನ ಹತ್ತಿರ ಇದೆ, ಒಂದೇ ನಂಬರನ್ನು ಡಬ್ಬ ಎರಡು ಕಡೆ ಕೊಡುವುದಿಲ್ಲ. ಮೊದಲ ಪೋರ್ಟಿಗೆ 9 ಕೊಟ್ಟರೆ 101 ಖಾಲಿಯಾಗುತ್ತದೆ. ಎರಡನೆಯದಕ್ಕೆ 50 ಕೊಟ್ಟರೆ 102 ಖಾಲಿ. ಮೂರಕ್ಕೆ 101, ನಾಲ್ಕಕ್ಕೆ 102, ಹೀಗೆ ಒಂದರ ಹಿಂದೆ ಒಂದು ತಾನಾಗಿಯೇ ಕೂರುತ್ತಾ ಹೋಗುತ್ತದೆ. ಅಡುಗೆಮನೆಗೆ 50 ಇಟ್ಟದ್ದಕ್ಕೂ ಕಾರಣವಿದೆ, 20 ಅಂತ ಇಟ್ಟರೆ 201 ಒತ್ತುವಾಗ ಎರಡನೇ ಅಂಕಿಗೇ ಅಡುಗೆಮನೆ ರಿಂಗ್ ಆಗುವ ಅಪಾಯ.

ಈ ರಾತ್ರಿಯ ಸಿಟ್ಟಿನಲ್ಲೇ ಐಪಿ ಫೋನ್ ತಂದದ್ದು. ಸಣ್ಣ ಕಂಪ್ಯೂಟರಿನಲ್ಲಿ ಆಸ್ಟರಿಸ್ಕ್ ಅನ್ನುವ ಫೋನ್ ಎಕ್ಸ್‌ಚೇಂಜ್ ಸಾಫ್ಟ್‌ವೇರ್, ಅದು ಉಚಿತ. ಪ್ರೋಗ್ರಾಮಿಂಗ್ ವಿಷಯದಲ್ಲಿ ಅದರ ಮುಂದೆ ನಮ್ಮ ಡಬ್ಬ ಏನೂ ಅಲ್ಲ, ಇದನ್ನು ಒಪ್ಪಲೇಬೇಕು. ಬ್ರೌಸರಿನಲ್ಲಿ ನಂಬರ್ ಬದಲಿಸಿ ಸೇವ್ ಮಾಡಿದರೆ ಆಯಿತು, ಪೂರ್ತಿ ಸೆಟ್ಟಿಂಗ್ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಬಹುದು.

ಆದರೆ ಗೋಡೆ? ನಮ್ಮದು ಚಿರೆಕಲ್ಲಿನ ಕಟ್ಟಡ. ಹಳೇ ಪೈಪಿನಲ್ಲಿ ಎರಡು ತಂತಿ ಹೋಗಿವೆ, ಅಲ್ಲಿ ಲ್ಯಾನ್ ಕೇಬಲ್ ನುಗ್ಗುವುದಿಲ್ಲ. ಆರು ರೂಮಿಗೇ ಹೊರಗಿನಿಂದ ಪಟ್ಟಿ ಹೊಡೆಸಬೇಕಾಯಿತು. ಕರೆಂಟ್ ಹೋದರೆ ಸ್ವಿಚ್ಚು, ಕಂಪ್ಯೂಟರ್, ಫೋನು ಎಲ್ಲಕ್ಕೂ ಬ್ಯಾಟರಿ ಬೇಕು. ಹಳೇದರಲ್ಲಿ ರೂಮಿನ ಫೋನಿಗೆ ಬೇಕಾದ ಕರೆಂಟು ಅದೇ ಎರಡು ತಂತಿಯಲ್ಲಿ ಡಬ್ಬದಿಂದ ಬರುತ್ತದೆ, ಡಬ್ಬ ಒಂದಕ್ಕೆ ಬ್ಯಾಟರಿ ಕೊಟ್ಟರೆ ಮುಗಿಯಿತು. ಮತ್ತೆ ಉಪ್ಪುಗಾಳಿ. ಅದು ಎರಡನ್ನೂ ಬಿಡುವುದಿಲ್ಲ, ಆದರೆ ಹಳೇ ಕ್ರೋನ್ ಪಟ್ಟಿಯಲ್ಲಿ (ಫೋನ್ ತಂತಿಗಳನ್ನು ಒತ್ತಿ ಕೂರಿಸುವ ಜೋಡಣೆ ಪಟ್ಟಿ) ತಂತಿ ಹಸಿರಾದರೆ ತುದಿ ಕತ್ತರಿಸಿ ಮತ್ತೆ ಪಂಚ್ ಮಾಡುತ್ತೇನೆ, ಎರಡು ನಿಮಿಷದ ಕೆಲಸ. ಲ್ಯಾನ್ ಜ್ಯಾಕಿನ ಎಂಟು ಪಿನ್ನಿನಲ್ಲಿ ಯಾವುದು ಕೆಟ್ಟಿದೆ ಅಂತ ಹುಡುಕುವುದು ನನ್ನಿಂದಾಗಲಿಲ್ಲ. ಅರಬೈಲ್ ಘಟ್ಟ ಇಳಿದು ಹುಬ್ಬಳ್ಳಿಯಿಂದ ಹುಡುಗರು ಬರಬೇಕಾಯಿತು, ಎರಡು ಸಲ.

ಮೂರನೇ ದಾರಿಯೂ ಇದೆ. ಹಳೇ ಫೋನು, ಹಳೇ ತಂತಿ ಹಾಗೇ ಇಟ್ಟು, ಡಬ್ಬದ ಜಾಗದಲ್ಲಿ ಆಸ್ಟರಿಸ್ಕ್ ಮತ್ತು 24 ಪೋರ್ಟಿನ ಎಫ್‌ಎಕ್ಸ್‌ಎಸ್ ಗೇಟ್‌ವೇ, ಅಂದರೆ ಹಳೇ ಫೋನನ್ನು ನೆಟ್‌ವರ್ಕಿಗೆ ಸೇರಿಸುವ ಪೆಟ್ಟಿಗೆ. ಸ್ನೇಹಿತರೊಬ್ಬರಿಂದ ಎಂಟು ಪೋರ್ಟಿನದು ತಂದು ಎರಡು ವಾರ ನೋಡಿದೆ, ಚೆನ್ನಾಗಿಯೇ ನಡೆಯಿತು. ಡಬ್ಬ ಸುಟ್ಟುಹೋಗಿ ಅದರ ಬದಲಿ ಕಾರ್ಡ್ ಎಲ್ಲೂ ಸಿಗದ ದಿನ ನಾನು ಹೋಗುವುದು ಅದಕ್ಕೇ.

ಸದ್ಯಕ್ಕೆ ಬೇಕಾಗಿಲ್ಲ, ಯಾಕೆಂದರೆ ನನ್ನ ಜಗಳ ಇದ್ದದ್ದು 150 ರೂಪಾಯಿಯ ಸೆಲ್ಲಿನ ಜೊತೆ. ಪವರ್ ತೆಗೆದು ಡಬ್ಬ ಬಿಚ್ಚಿದರೆ ಸೆಲ್ ಸೋರಿ ಬೋರ್ಡಿನ ಮೇಲೆ ನೀಲಿ ಹಸಿರು ಪುಡಿ ಕೂತಿತ್ತು. ಹತ್ತಿಯಲ್ಲಿ ವಿನೆಗರ್ ಅದ್ದಿ ಒರೆಸಿ, ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ತೊಳೆದು ಚೆನ್ನಾಗಿ ಒಣಗಿಸಿದೆ. ಹೊಸ ಸೆಲ್ಲನ್ನು ಬೋರ್ಡಿಗೆ ಹಾಕಲಿಲ್ಲ. ಎರಡು ತಂತಿ ಎಳೆದು ಡಬ್ಬದ ಮೂಲೆಯಲ್ಲಿ ಕಟ್ಟಿದೆ, ಸೋರಿದರೂ ಬೋರ್ಡ್ ಉಳಿಯಲಿ ಅಂತ. ನೀವೂ ಮಾಡುವುದಾದರೆ ಒಂದು ಮಾತು: ಗಡಿಯಾರದ ಲಿಥಿಯಂ ಸೆಲ್ ಸುಮ್ನೆ ಹಾಕಬೇಡಿ. ಈ ಬೋರ್ಡ್ ಸೆಲ್ಲನ್ನು ಚಾರ್ಜ್ ಮಾಡುತ್ತಲೇ ಇರುತ್ತದೆ, ಆ ಸೆಲ್ ಚಾರ್ಜ್ ಮಾಡುವಂಥದ್ದಲ್ಲ, ಒಡೆದುಹೋಗಬಹುದು.

ಈಗ ಪ್ರತಿ ವರ್ಷ ಮೇ ಕೊನೆಗೆ, ಮಳೆಗೆ ಮುಂಚೆ, ರೂಮು ಖಾಲಿ ಇರುವ ಒಂದು ಮಧ್ಯಾಹ್ನ ಡಬ್ಬವನ್ನು ಬೇಕೆಂದೇ ಅರ್ಧ ಗಂಟೆ ಆಫ್ ಮಾಡುತ್ತೇನೆ. ಆನ್ ಮಾಡಿ 108 ಒತ್ತುತ್ತೇನೆ. ಹುಡುಗ 108ರಲ್ಲೇ ಫೋನ್ ಎತ್ತಿ 'ಬಂತು ಅಣ್ಣಾ' ಅನ್ನಬೇಕು.