ಅಣೆಕಟ್ಟು ಯಾರದು, ನೀರು ಯಾರದು: ‘ಫಾಲ್‌ಔಟ್: ನ್ಯೂ ವೇಗಸ್’

ಮೇ ತಿಂಗಳ ಮಧ್ಯಾಹ್ನ ಶಹಾಪುರದಲ್ಲಿ ಬಾಗಿಲು, ಕಿಟಕಿ ಮುಚ್ಚಿಕೊಂಡು ಕುಳಿತವನಿಗೆ ಆಡಲು ಮರುಭೂಮಿಯ ಆಟವೇ ಬೇಕಿತ್ತೇ ಎಂದು ಮನೆಯಲ್ಲಿ ಕೇಳುತ್ತಾರೆ. ಪ್ರಶ್ನೆ ಸರಿಯಾಗಿಯೇ ಇದೆ. ಆದರೂ 2010ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ‘ಫಾಲ್‌ಔಟ್: ನ್ಯೂ ವೇಗಸ್’ ಎಂಬ ವಿಡಿಯೊ ಗೇಮನ್ನು, ಅದರ ದೋಷಗಳೆಲ್ಲ ಗೊತ್ತಿದ್ದೇ, ಈಗ ಮೂರನೆಯ ಸಲ ಆಡುತ್ತಿದ್ದೇನೆ.

ಅಬ್ಸಿಡಿಯನ್ ಸಂಸ್ಥೆ ಇದನ್ನು ಸುಮಾರು 18 ತಿಂಗಳಲ್ಲಿ, ಇದೇ ಸರಣಿಯ ಹಿಂದಿನ ಆಟ ‘ಫಾಲ್‌ಔಟ್ 3’ರ ಎಂಜಿನ್ನಿನ (ಆಟವನ್ನು ನಡೆಸುವ ತಂತ್ರಾಂಶದ) ಮೇಲೆಯೇ ಕಟ್ಟಿತು, ಆತುರದ ಗುರುತುಗಳು ಎಲ್ಲೆಡೆ ಉಳಿದಿವೆ. ಆಟದ ಆರಂಭದಲ್ಲಿ ತಲೆಗೆ ಗುಂಡೇಟು ತಿಂದ ನಮ್ಮನ್ನು ಬದುಕಿಸುವ ವೈದ್ಯ ಡಾಕ್ ಮಿಚೆಲ್‌ನ ತಲೆಯೇ ಕತ್ತಿನ ಮೇಲೆ ಗಿರಗಿರನೆ ಸುತ್ತುತ್ತಿದ್ದ ದೃಶ್ಯ ಆಗ ಜಗತ್ತನ್ನೆಲ್ಲ ನಗಿಸಿತ್ತು. ಗುಡ್ಡ ಹತ್ತಲು ಹೋದರೆ ಕಣ್ಣಿಗೆ ಕಾಣದ ಗೋಡೆ ಅಡ್ಡ ಬರುತ್ತದೆ, ಮುಖಗಳು ಕಟ್ಟಿಗೆಯಂತಿವೆ, ಆಟ ನಡುನಡುವೆ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. (ಪರದೆ ಕಪ್ಪಾದೊಡನೆ ನಾನು ಮೊದಲು ತಲೆಯೆತ್ತಿ ಫ್ಯಾನ್ ನೋಡುತ್ತೇನೆ, ಅದು ತಿರುಗುತ್ತಿದ್ದರೆ ತಪ್ಪು ಕರೆಂಟಿನದಲ್ಲ.) ವಿಮರ್ಶಕರು ಕೊಟ್ಟ ಅಂಕಗಳ ಸರಾಸರಿ ತೋರಿಸುವ ಮೆಟಾಕ್ರಿಟಿಕ್ ಜಾಲತಾಣದಲ್ಲಿ ಇದಕ್ಕೆ 84 ಅಂಕ ಬಂತು, 85 ಬಂದಿದ್ದರೆ ತಯಾರಕರಿಗೆ ಬೋನಸ್ ಸಿಗುತ್ತಿತ್ತು.

ಹಾಗಿದ್ದೂ ಈ ಆಟ ಹಳತಾಗದಿರಲು, ನನ್ನ ಮಟ್ಟಿಗೆ, ಅದು ನೀರಿನ ಕಥೆಯಾಗಿರುವುದೇ ಕಾರಣ. 2077ರ ಅಣುಯುದ್ಧದಲ್ಲಿ ಜಗತ್ತು ಸುಟ್ಟುಹೋಗಿ ಎರಡು ಶತಮಾನ ಕಳೆದ ಮೇಲೆ, 2281ರಲ್ಲಿ, ತೆರಿಗೆ ಮತ್ತು ಸೈನ್ಯದೊಂದಿಗೆ ಬಂದ ನ್ಯೂ ಕ್ಯಾಲಿಫೋರ್ನಿಯಾ ಗಣರಾಜ್ಯ, ಗುಲಾಮರನ್ನಿಟ್ಟುಕೊಂಡ ಸೀಸರನ ಪಡೆ ಮತ್ತು ನ್ಯೂ ವೇಗಸ್ ನಗರದ ಒಡೆಯ ಮಿಸ್ಟರ್ ಹೌಸ್ ಕಾದಾಡುವುದು ಕೊಲರಾಡೊ ನದಿಯ ಹೂವರ್ ಅಣೆಕಟ್ಟಿಗಾಗಿ. ‘ಹಾರ್ಡ್‌ಕೋರ್’ ವಿಧಾನ ಆರಿಸಿಕೊಂಡರೆ ಬಾಯಾರಿಕೆ, ಹಸಿವು, ನಿದ್ದೆ ಮೂರನ್ನೂ ಲೆಕ್ಕವಿಡಬೇಕು. ಗುಂಡುಗಳಿಗೂ ತೂಕ ಬರುವುದರಿಂದ, ಗುಂಡು ಹೊರಬೇಕೋ ನೀರು ಹೊರಬೇಕೋ ಎಂಬ ಯೋಚನೆ ಹೆಜ್ಜೆಹೆಜ್ಜೆಗೂ ಕಾಡುತ್ತದೆ.

ಒಂದು ಸಣ್ಣ ಪ್ರಸಂಗವನ್ನು ಹೇಳಲೇಬೇಕು. ಗಣರಾಜ್ಯಕ್ಕಾಗಿ ಪಾಲಿಗೆ ಹೊಲ ಮಾಡುವ ರೈತರ ನೀರು ದಾರಿಯಲ್ಲೇ ಕಡಿಮೆಯಾಗುತ್ತಿದೆ. ಅದನ್ನು ಪತ್ತೆ ಮಾಡಲು ಹೋದ ಕಾರ್ಪೊರಲ್ ವೈಟ್ ಕಾಣೆಯಾಗಿದ್ದಾನೆ. ಜಾಡು ಹಿಡಿದು ಹೋದರೆ, ವೆಸ್ಟ್‌ಸೈಡ್ ಎಂಬ ಬಡವರ ಕೇರಿಯ ಸಹಕಾರಿ ಬೆಳೆಗಾಗಿ ಟಾಮ್ ಆ್ಯಂಡರ್ಸನ್ ಎಂಬಾತ ನೀರನ್ನು ತಿರುಗಿಸಿರುವುದೂ, ವೈಟ್‌ನನ್ನು ಕೊಂದವನೂ ಅವನೇ ಎಂಬುದೂ ತಿಳಿಯುತ್ತದೆ. ಅವನನ್ನು ಹಿಡಿದುಕೊಡುವುದೂ ಮುಚ್ಚಿಹಾಕುವುದೂ ನಮಗೇ ಬಿಟ್ಟಿದ್ದು. ನಾರಾಯಣಪುರ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ನಮ್ಮ ತಾಲ್ಲೂಕಿನವರಿಗೆ ಈ ಜಗಳವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಾನು ಮೊದಲ ಸಲ ಆ್ಯಂಡರ್ಸನ್‌ನನ್ನು ಹಿಡಿದುಕೊಟ್ಟಾಗ ಪಕ್ಕದಲ್ಲಿ ಕುಳಿತಿದ್ದ ಕಾಕಾ, “ನೀರ್ ಕದ್ದಾನಂತ ಅನ್ನೋದು ಸುಲಭ ಅದ, ಕಾಲುವಿ ಟೇಲಿನಾಗ ಹೊಲ ಇದ್ದವ್ರಿಗಿ ಕೇಳು” ಎಂದು ಎದ್ದುಹೋದರು. ಕೊಲೆಯ ವಿಷಯ ಹೇಳುವಷ್ಟರಲ್ಲಿ ಅವರು ಅಂಗಳದಲ್ಲಿದ್ದರು.

ಮಾತಿನ ವ್ಯವಸ್ಥೆಯೂ ಇದಕ್ಕೆ ತಕ್ಕಂತಿದೆ. ‘ಫಾಲ್‌ಔಟ್ 3’ರಲ್ಲಿ ಮಾತಿನಿಂದ ಒಲಿಸುವುದು ಅದೃಷ್ಟದ ಆಟವಾಗಿತ್ತು, ಇಲ್ಲಿ ವೈದ್ಯ, ರಿಪೇರಿ, ವ್ಯಾಪಾರ, ಯಾವ ವಿದ್ಯೆಯಾದರೂ ಬೇಕಾದಷ್ಟು ಕಲಿತಿದ್ದರೆ ಆ ಮಾತು ನಡೆಯುತ್ತದೆ, ಕಲಿಯದಿದ್ದರೆ ಇಲ್ಲ. ಅಣೆಕಟ್ಟಿನ ಯುದ್ಧ ಮುಗಿದೊಡನೆ ಆಟವೂ ಮುಗಿದು, ನಾವು ಮಾಡಿದ್ದರಿಂದ ಯಾವ ಊರಿಗೆ ಏನಾಯಿತೆಂಬುದನ್ನು ಒಂದೊಂದಾಗಿ ತೋರಿಸುತ್ತದೆ. ಮುಂದೆ ಅಡ್ಡಾಡಲು ಬಿಡುವುದಿಲ್ಲ. ಕೆಲವರಿಗೆ ಇದು ಕೊರತೆ, ನನಗಲ್ಲ.

ಕೊಳ್ಳುವವರು ನಾಲ್ಕೂ ವಿಸ್ತರಣೆಗಳಿರುವ ‘ಅಲ್ಟಿಮೇಟ್ ಎಡಿಷನ್’ ಅನ್ನೇ ಕೊಳ್ಳಲಿ. ಕಂಪ್ಯೂಟರಿನಲ್ಲಿ ಆಡುವವರು ಆಟ ಹೆಚ್ಚು ಮೆಮೊರಿ ಬಳಸುವಂತೆ ಮಾಡಲು ಅಭಿಮಾನಿಗಳು ಸಿದ್ಧಪಡಿಸಿದ 4 ಜಿಬಿ ಪ್ಯಾಚನ್ನು ಮೊದಲೇ ಹಾಕಿಕೊಂಡು, ಬೇರೆ ಬೇರೆ ಹೆಸರಿನಲ್ಲಿ ಆಗಾಗ ಸೇವ್ ಮಾಡುತ್ತಿರಲಿ. ಆಟ ಶುರುವಾಗುವ ಊರಾದ ಗುಡ್‌ಸ್ಪ್ರಿಂಗ್ಸ್‌ನಿಂದ ನೇರ ಉತ್ತರಕ್ಕಂತೂ ಹೋಗಬಾರದು. ನಾನು ಈ ಸಲ, ವೈಟ್‌ನ ಪತ್ತೆಗೆ ನಮ್ಮನ್ನು ಕಳಿಸುವ ಗಣರಾಜ್ಯದ ಅಧಿಕಾರಿ ಲೆಫ್ಟಿನೆಂಟ್ ಬಾಯ್ಡ್‌ಗೆ ಸುಳ್ಳು ಹೇಳಿದ್ದೇನೆ; ವೆಸ್ಟ್‌ಸೈಡಿಗೆ ನೀರು ಹರಿಯುತ್ತಿದೆ, ವೈಟ್‌ನ ಕೊಲೆಗೆ ಯಾರಿಗೂ ಶಿಕ್ಷೆಯಾಗಿಲ್ಲ.